ಏನೂ ನಡೆಯದ ದಿನದ ಚಿತ್ರ

ಅಕ್ಕಿಗಂಜಿಗೆ ಕೋಳಿಮೊಟ್ಟೆಯ ಬಿಳಿ ಬೆರೆಸಿ ಕಾಗದಕ್ಕೆ ಸವರಿ ಒಣಹಾಕಿದರೆ ಒಂದು ವಾಸನೆ ಬರುತ್ತದೆ. ತುಸು ಹುಳಿ, ತುಸು ಹಸಿ, ಮಳೆಯಲ್ಲಿ ನೆನೆದ ಕುರಿಯೊಂದು ಪಕ್ಕದಲ್ಲಿ ಬಂದು ನಿಂತ ಹಾಗೆ. ಚಿಕ್ಕವಳಿದ್ದಾಗ ಗಾಳಿಯ ವಾಸನೆಯೇ ಅದು ಎಂದುಕೊಂಡಿದ್ದೆ. ಮುಂದೆ ಕಾಲೇಜಿಗೆಂದು ಬೇರೆ ಊರಿಗೆ ಹೋದಾಗ ಅಲ್ಲಿನ ಗಾಳಿಯಲ್ಲಿ ಏನೂ ಇಲ್ಲದ್ದು ಕಂಡು, ಮೂಗು ಕಟ್ಟಿದೆಯೆಂದು ಕಷಾಯ ಕುಡಿದೆ. ನಮ್ಮ ಓಣಿಯ ತುದಿಯಲ್ಲಿ ಕಿತಾಬಖಾನೆ ಇತ್ತು. ಅದರ ಅಂಗಳದ ಹಗ್ಗಗಳ ಮೇಲೆ ಬಟ್ಟೆಗಿಂತ ಹೆಚ್ಚು ಕಾಗದ ಒಣಗುತ್ತಿತ್ತು.

ಹಿಂದೆ ಯಾವಾಗಲೋ ಹೆರಾತಿನ ಕಡೆಯಿಂದ ಬಂದ ಉಸ್ತಾದರು ಕಟ್ಟಿಸಿದ ಶಾಲೆ ಅದು. ಅವರ ಪದ್ಧತಿಯಲ್ಲೇ ಅಲ್ಲಿ ಕೈಬರಹದ ಪುಸ್ತಕಗಳು ತಯಾರಾಗುತ್ತಿದ್ದವು. ಮೊದಲು ಬರೆಯುವವರು ಕಥೆ ಬರೆದು, ಚಿತ್ರ ಬರಬೇಕಾದ ಕಡೆ ಖಾಲಿ ಚೌಕ ಬಿಡುತ್ತಿದ್ದರು. ಆಮೇಲೆ ಒಬ್ಬರು ಗೆರೆ ಎಳೆಯುವುದು, ಒಬ್ಬರು ಬಣ್ಣ ತುಂಬುವುದು, ಒಬ್ಬರು ಚಿನ್ನದ ರೇಕು ಹಚ್ಚುವುದು, ಎಲ್ಲಕ್ಕೂ ಕಡೆಗೆ ಒಬ್ಬರು ಮುಖ ಬರೆಯುವುದು. ಅದಾದ ಮೇಲೆ ಪುಟವನ್ನು ಬೋರಲು ಹಾಕಿ ಬೆನ್ನಿನ ಕಡೆಯಿಂದ ಅಕೀಕದ ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟರೆ ಪುಟ ಮುಗಿಯಿತು.

ಪುಟ ಮುಗಿಯುವವರೆಗೆ ಅದಕ್ಕೆ ಹಚ್ಚಿದ ಬಣ್ಣ ಊರಿನಲ್ಲಿ ಇರುತ್ತಿರಲಿಲ್ಲ. ಯುದ್ಧದ ಚಿತ್ರಕ್ಕೆ ಕೆಂಪು ಹಾಕಿದ ದಿನ ಸಂತೆಯಲ್ಲಿ ಮೆಣಸಿನಕಾಯಿ ರಾಶಿ ಬೆಳ್ಳಗೆ ಕೂತಿರುತ್ತಿತ್ತು. ಹೆಂಗಸರು ಕೈಯಲ್ಲಿ ಹಿಡಿದು ಮೂಸಿ, ಖಾರ ನೋಡಿ ಕೊಳ್ಳುತ್ತಿದ್ದರು. ಹಳದಿ ಹೋದಾಗ ಅರಿಶಿನದ ಶಾಸ್ತ್ರವನ್ನು ಎರಡು ದಿನ ಮುಂದೆ ಹಾಕುತ್ತಿದ್ದರು. ಮದುವೆ ಮುಹೂರ್ತ ಗೊತ್ತು ಮಾಡುವವರು ಪಂಚಾಂಗ ನೋಡಿ, ಹಾಗೆಯೇ ಕಿತಾಬಖಾನೆಯ ಬಾಗಿಲಲ್ಲಿ ನಿಂತು ಆ ವಾರ ಯಾವ ಪುಟ ನಡೆದಿದೆ ಎಂದು ಕೇಳಿಕೊಂಡು ಹೋಗುತ್ತಿದ್ದರು. ಯಾರೂ ಗೊಣಗುತ್ತಿರಲಿಲ್ಲ. ಬಣ್ಣ ಎಂಟು ಹತ್ತು ದಿನಕ್ಕೆ ತಿರುಗಿ ಬರುತ್ತಿತ್ತು, ತವರಿಗೆ ಹೋದ ಸೊಸೆಯಂತೆ ಸ್ವಲ್ಪ ಕಳೆಯೇರಿ.

ಒಂದೇ ಒಂದು ಬಣ್ಣ ಬರಲಿಲ್ಲವಂತೆ. ಅದರ ಹೆಸರು ಮೊಗರಂಗಿ. ನಮ್ಮ ಅಜ್ಜಿಯ ಅಜ್ಜಿಯ ಕಾಲದಲ್ಲಿ, ಪೂರ್ತಿಯಾಗದ ಪುಟವೊಂದನ್ನು ಹಾಗೆಯೇ ಹೊಲಿದು ಪುಸ್ತಕ ಕೊಂಡವರಿಗೆ ಕೊಟ್ಟುಬಿಟ್ಟರು. ಬಣ್ಣ ಅದರ ಜೊತೆ ಹೋಯಿತು. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮೊಗರಂಗಿ ಸೀರೆಯೊಂದಿದೆ. ನೋಡಿದರೆ ಹಳೆಯ ಬಿಳಿ ಬಟ್ಟೆ. ಆದರೂ ಮನೆಯ ಹೆಂಗಸರು ಅದನ್ನು ಉಟ್ಟಾಗ ಎದುರಾದವರು ಮೊಗರಂಗಿ ನಿನಗೆ ಒಪ್ಪುತ್ತದೆ ಎಂದೇ ಹೇಳುತ್ತಾರೆ.

ನಾನು ಕಾಲೇಜಿನಲ್ಲಿ ಫಾರ್ಸಿ ಓದಿ ಬಂದವಳು. ನಮ್ಮ ತಂದೆ ದಫ್ತರದಲ್ಲಿ ಹಳೆಯ ಕಾಗದ ಓದುವ ಕೆಲಸದಲ್ಲಿದ್ದುದರಿಂದ ನನಗೂ ಅದೇ ಹುಚ್ಚು. ಊರಿಗೆ ಮರಳಿದಾಗ ಕಿತಾಬಖಾನೆಯ ಮೇಲ್ವಿಚಾರಕರಾದ ದಾರೋಗಾ ವಲೀಸಾಹೇಬರು ನನ್ನನ್ನು ಓದುವ ಕೆಲಸಕ್ಕೆ ಇಟ್ಟುಕೊಂಡರು. ಚಿತ್ರ ಬರೆಯುವವರಲ್ಲಿ ಹೆಚ್ಚಿನವರಿಗೆ ಫಾರ್ಸಿ ಬರುತ್ತಿರಲಿಲ್ಲ. ಪುಟ ಕೈಗೆ ಬಂದಾಗ ಅದರಲ್ಲಿ ಏನು ನಡೆಯುತ್ತದೆ ಎಂದು ನಾನು ಓದಿ ಕನ್ನಡದಲ್ಲಿ ಹೇಳಬೇಕು. ಅವರು ಅದನ್ನು ಬರೆಯಬೇಕು. ಬಿ.ಎ. ಮಾಡಿದವಳಿಗೆ ಇದೂ ಒಂದು ಕೆಲಸವೇ ಎಂದು ನನ್ನ ದೊಡ್ಡಮ್ಮ ಕೇಳಿದಳು. ಕೂತು ಕಥೆ ಓದಿದರೆ ಸಾಕು, ಎದ್ದು ಪಾಠ ಹೇಳಬೇಕಾಗಿಲ್ಲ ಎಂದು ನಾನು ಹೇಳಿದೆ. ಅದು ಅವಳಿಗೂ ಸರಿಯೆನಿಸಿತು.

ಓದುವುದರ ಜೊತೆ ನನಗೆ ಇನ್ನೊಂದು ಕೆಲಸವೂ ಅಂಟಿಕೊಂಡಿತು. ಅಕ್ಷರ ಬರೆಯುವವರಲ್ಲಿ ಹಿರಿಯರಾದ ತುರಾಬ ಮಾಸ್ತರರಿಗೂ ಮುಖ ಬರೆಯುವ ಹಲೀಮಾಬಿಗೂ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಇಬ್ಬರೂ ಒಂದೇ ಪಡಸಾಲೆಯಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಹೇಳುವುದೇನಾದರೂ ಇದ್ದರೆ ನಡುವೆ ಕೂತ ನನ್ನ ಮೂಲಕ ಹೇಳಬೇಕು.

"ತಂಗಿ, ಮಾಸ್ತರಗ ಹೇಳು, ಅವರ ನೆರಳು ನನ್ನ ಹಾಳಿ ಮ್ಯಾಲೆ ಬಿದ್ದದ," ಎಂದು ಹಲೀಮಾಬಿ ಹೇಳುವಳು.

"ಅದು ಕಂಬದ ನೆರಳು ಅಂತ ಹೇಳವ್ವ," ಎನ್ನುವರು ಮಾಸ್ತರರು.

"ಕಂಬ ಎದ್ದು ನೀರು ಕುಡಿಯಾಕ ಹೋಗೂದು ನಾ ಎಲ್ಲೂ ನೋಡಿಲ್ಲ ಅಂತ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಮಾಸ್ತರರು ಸ್ವಲ್ಪ ಆಚೆ ಸರಿದಿರುತ್ತಿದ್ದರು. ಸರಿದದ್ದನ್ನು ಹಲೀಮಾಬಿ ನೋಡಿಯೂ ಇರುತ್ತಿದ್ದಳು. ಆದರೂ ನಾನು ಅಷ್ಟನ್ನೂ ಹೇಳಿ ಮುಗಿಸುವವರೆಗೆ ಇಬ್ಬರೂ ಕಾಯುತ್ತಿದ್ದರು. ನನಗೆ ಕೆಲಸ ತಪ್ಪಬಾರದೆಂಬ ಕಾಳಜಿ ಇರಬೇಕು.

ಜಗಳದ ಮೂಲ ಪುಸ್ತಕದ ಕಡೆಯ ಪುಟ. ಆ ಶಾಲೆಯಲ್ಲಿ ಪುಸ್ತಕ ಮುಗಿಸುವವನು ಅಕ್ಷರ ಬರೆಯುವವನು. ಕೊನೆಯ ಸಾಲಿನಲ್ಲಿ ಅವನು ತನ್ನ ಹೆಸರು ಹಾಕುತ್ತಾನೆ. ಬಣ್ಣದವರ, ಮುಖದವರ ಹೆಸರು ಹಾಕುವ ರೂಢಿಯಿಲ್ಲ. ನಾನು ಬರುವ ಮುಂಚೆ ಒಂದು ಸಲ ಹಲೀಮಾಬಿ ಆ ಸಾಲನ್ನು ಯಾರಿಂದಲೋ ಓದಿಸಿಕೊಂಡಳು. ಈ ಗ್ರಂಥ ಬಡವ ತುರಾಬನ ಕೈಯಿಂದ ಮುಗಿಯಿತು ಎಂದಿತ್ತು. ಹಾಗಾದರೆ ಮುಖಗಳೆಲ್ಲ ಗಾಳಿಗೆ ಹಾರಿಬಂದು ಕೂತವೇ ಎಂದು ಅವಳು ಕೇಳಿದಳಂತೆ. ಚಿತ್ರವಿಲ್ಲದಿದ್ದರೂ ಪುಸ್ತಕ ಪುಸ್ತಕವೇ, ಅಕ್ಷರವಿಲ್ಲದ ಚಿತ್ರ ಗೋಡೆಗೆ ಹೊಡೆಯುವುದಕ್ಕೆ ಲಾಯಕ್ಕು ಎಂದು ಮಾಸ್ತರರು ಹೇಳಿದರಂತೆ. ಅಲ್ಲಿಗೆ ಮಾತು ನಿಂತಿತು.

ಇಬ್ಬರೂ ಕೆಲಸದಲ್ಲಿ ಕಡಿಮೆಯವರಲ್ಲ. ಮಾಸ್ತರರು ಲಾಳದ ಕಡ್ಡಿಯ ಲೇಖಣಿ ಹಿಡಿದು ನಸ್ತಾಲಿಕ್ ಲಿಪಿ ಬರೆದರೆ ಅಕ್ಷರಗಳು ಗುಡ್ಡದ ಇಳುಕಲಿನಲ್ಲಿ ಇಳಿಯುವ ಮೇಕೆಗಳಂತೆ ಒಂದರ ಹಿಂದೊಂದು ಸಾಗುತ್ತಿದ್ದವು, ಒಂದೂ ಎಡವುತ್ತಿರಲಿಲ್ಲ. ಹಲೀಮಾಬಿ ಅಳಿಲಿನ ಬಾಲದ ಕೂದಲಿನ ಕುಂಚದಿಂದ ಬರೆದ ಮುಖಗಳೆಲ್ಲ ಒಂದೇ ರೀತಿ: ಹುಣ್ಣಿಮೆಯಂತೆ ದುಂಡು, ಓರೆಗಣ್ಣು, ಚಿಕ್ಕ ಬಾಯಿ. ಯುದ್ಧದಲ್ಲಿ ಕೊಲ್ಲುವವನೂ ಸಾಯುವವನೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದರು. ಅದೇ ಆ ಶಾಲೆಯ ಪದ್ಧತಿ.

ಆ ವರ್ಷ ನಿದ್ದೆ ಕಳೆದುಕೊಂಡ ಸುಲ್ತಾನನೊಬ್ಬನ ಕಥೆ ನಡೆದಿತ್ತು. ದೂರದ ದೊಡ್ಡಮನುಷ್ಯರೊಬ್ಬರು ಹೇಳಿ ಬರೆಸುತ್ತಿದ್ದ ಪುಸ್ತಕ. ಹೋಳಿ ಹುಣ್ಣಿಮೆಗೆ ಅವರ ಜನ ಬಂದು ಒಯ್ಯುವವರಿದ್ದರು. ಸುಲ್ತಾನ ಒಬ್ಬ ಮುದುಕನನ್ನು ದಾರಿ ತೋರಿಸಲು ಕರೆದುಕೊಂಡು ನಿದ್ದೆಯನ್ನು ಹುಡುಕಿ ಊರೂರು ಅಲೆಯುತ್ತಾನೆ. ಮಾಸ್ತರರು ಕಡೆಯ ಸಾಲೊಂದನ್ನು ಬಿಟ್ಟು ಬರೆದು ಮುಗಿಸಿದರು. ಬಣ್ಣ ತುಂಬುವ ಚಿತ್ರಗಾರ ಸಿದ್ರಾಮಪ್ಪ ಎಲ್ಲ ಪುಟಗಳ ಚೌಕಗಳನ್ನೂ ಸಾಲಾಗಿ ಹರಡಿ, ಒಂದೇ ಸಲಕ್ಕೆ ಆಕಾಶ ಹಚ್ಚಿದ. ನೀಲಿಕಲ್ಲನ್ನು ಅರೆದು ಅಂಟಿನಲ್ಲಿ ಕಲಸಿದ ಮೇಲೆ ಇಟ್ಟುಕೊಳ್ಳುವುದಕ್ಕೆ ಬರುವುದಿಲ್ಲ. ಹಾಗಾಗಿ ಆಕಾಶದ ಕೆಲಸ ಯಾವಾಗಲೂ ಒಟ್ಟಿಗೇ.

ನೀಲಿ ಹೋಯಿತು. ಮೇಲೆ ಆಕಾಶ ಕಾಗದದ ಬಣ್ಣಕ್ಕೆ ತಿರುಗಿತು. ಎಲೆ ಹುಲ್ಲುಗಳೆಲ್ಲ ಹಳದಿಯಾದವು. ದನಗಳು ಒಂದು ದಿನ ಮುಖ ತಿರುಗಿಸಿ, ಮರುದಿನ ಮೇಯತೊಡಗಿದವು. ಒಂದೊಂದು ಪುಟ ಮುಗಿದಂತೆ ನೀಲಿ ಬರಬೇಕಾದ ದಿನ ಹತ್ತಿರ ಬಂತು. ಕಡೆಗೆ ಒಂದೇ ಪುಟ ಉಳಿಯಿತು.

ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಸಿದ್ರಾಮಪ್ಪ ಆ ಪುಟವನ್ನು ನನ್ನ ಮುಂದಿಟ್ಟ. ಮೇಲೆ ಒಂದೇ ಸಾಲು, ಕೆಳಗೆ ದೊಡ್ಡ ಚೌಕ, ಚೌಕದ ಮೇಲರ್ಧ ನೀಲಿ ಆಕಾಶ. ನಾನು ಓದಿದೆ: ಆ ದಿನ ದಾರಿಯಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ.

"ಮುಂದ?" ಎಂದ ಸಿದ್ರಾಮಪ್ಪ.

ಮುಂದಿನ ಪುಟದಲ್ಲಿ ಸುಲ್ತಾನ ಬೇರೆ ಊರು ಸೇರಿ ಅಲ್ಲಿನ ಹಜಾಮನೊಡನೆ ಮಾತಾಡುತ್ತಿದ್ದ. ಅದರ ಚಿತ್ರ ಆಗಲೇ ಮುಗಿದಿತ್ತು.

ದಾರೋಗಾ ಸಾಹೇಬರು ಹಳೆಯ ಮೂಲ ಪ್ರತಿಯನ್ನು ತರಿಸಿದರು. ಆ ಜಾಗದಲ್ಲಿ ಎಂದೋ ಹುಳ ಹೊಡೆದು ತೂತಾಗಿತ್ತು. ಯಾರೋ ಪುಣ್ಯಾತ್ಮರು ಆ ತೂತಿಗೆ ಚೌಕವಾಗಿ ಬಿಳಿ ಕಾಗದದ ತೇಪೆ ಹಚ್ಚಿ, ಕಾಣದ ಹಾಗೆ ನಯ ಮಾಡಿದ್ದರು. ಮಾಸ್ತರರು ಮೂಲದಲ್ಲಿ ಇದ್ದುದನ್ನು ಇದ್ದ ಹಾಗೆಯೇ ಬರೆಯುವವರು, ಒಂದು ಚುಕ್ಕೆ ಬಿಡುವವರಲ್ಲ. ತೇಪೆಯನ್ನೂ ಬಿಡಲಿಲ್ಲ. ಅದನ್ನು ಚಿತ್ರದ ಚೌಕವೆಂದುಕೊಂಡು, ಅಷ್ಟೇ ಅಗಲ ಅಷ್ಟೇ ಉದ್ದ ಖಾಲಿ ಬಿಟ್ಟಿದ್ದರು.

ಅವರು ತೇಪೆಯ ಮೇಲೆ ಬೆರಳಾಡಿಸಿ ನೋಡಿದರು. ಸಿದ್ರಾಮಪ್ಪ ತನ್ನದೇ ತಪ್ಪೆನ್ನುವ ಹಾಗೆ, ಆಕಾಶ ಹಚ್ಚುವ ಮುಂಚೆ ತಾನು ಕೇಳಬೇಕಿತ್ತು ಎಂದ. ಆ ಮಾತನ್ನು ಯಾರೂ ನಂಬಲಿಲ್ಲ. ಆದರೆ ಆಡಿದ್ದು ಒಳ್ಳೆಯದಾಯಿತು.

ಪುಟವನ್ನು ಹರಿಯುವ ಹಾಗಿಲ್ಲ. ಹರಿದರೆ ನೀಲಿ ಅದರ ಜೊತೆ ಹೋಗುತ್ತದೆ. ಮುಗಿಸದೆ ಹೊಲಿಯುವ ಹಾಗಿಲ್ಲ, ಮೊಗರಂಗಿಯ ಗತಿಯಾಗುತ್ತದೆ. ಮುಗಿಸೋಣವೆಂದರೆ ಏನು ಬರೆಯಬೇಕೆಂಬುದು ಗೊತ್ತಿಲ್ಲ. ಅದರ ಮೇಲೆ, ಯಾರ ತಪ್ಪಿನಿಂದ ಬಣ್ಣ ತಡೆದು ನಿಂತಿತೋ ಅವರು ಲೇಖಣಿ ಕೆಳಗಿಡಬೇಕೆಂಬುದು ಶಾಲೆಯ ನಿಯಮ. ದಾರೋಗಾ ಸಾಹೇಬರು ಒಳ್ಳೆಯವರು. ಹೋಳಿ ಹುಣ್ಣಿಮೆಯವರೆಗೆ ನೋಡೋಣ ಎಂದರು. ಅದರೊಳಗೆ ಪುಟ ಕೂಡಿಬಂದರೆ ಚೌಕ ತಪ್ಪಲ್ಲ, ಮೊದಲಿನಿಂದಲೂ ಇರಬೇಕಾದದ್ದು ಎಂದು ತಿಳಿಯೋಣ. ಕೂಡಿಬರದಿದ್ದರೆ ಪುಸ್ತಕದ ಜೊತೆ ನೀಲಿಯೂ ಹೋಗುತ್ತದೆ, ಮಾಸ್ತರರ ಲೇಖಣಿಯೂ ಹೋಗುತ್ತದೆ ಎಂದರು.

ಮೊದಲು ಬೆಂಕಿ ಉಗುಳುವ ಹಾವನ್ನು ಬರೆದು ನೋಡಿದರು. ಗೆರೆ ಎಳೆಯುವವರ ಹತ್ತಿರ ಯುದ್ಧ, ಬೇಟೆ, ಮದುವೆ, ಹಮಾಮಿನ ಸ್ನಾನ, ಹೀಗೆ ಎಲ್ಲದಕ್ಕೂ ಸೂಜಿಯಿಂದ ಚುಚ್ಚಿದ ಅಚ್ಚುಹಾಳೆ ಇದ್ದವು. ಇದ್ದಿಲ ಪುಡಿ ತಟ್ಟಿದರೆ ಗೆರೆ ಇಳಿಯುತ್ತಿತ್ತು. ಹಾವು ಚೆನ್ನಾಗಿಯೇ ಬಂತು. ಕಲ್ಲಿನಿಂದ ಉಜ್ಜಿದಾಗ ಬಣ್ಣವೆಲ್ಲ ಕಲಸಿಕೊಂಡು ಹೋಯಿತು. ಪುಟದ ಬರಹಕ್ಕೆ ಸುಳ್ಳು ಹೇಳುವ ಚಿತ್ರ ಹೊಳಪು ಹಿಡಿಯುವುದಿಲ್ಲ. ಒದ್ದೆ ಅರಳೆಯಿಂದ ಒರೆಸಿದರು. ಆಕಾಶವೊಂದು ಉಳಿಯಿತು.

ಆಮೇಲೆ ಬರಿಯ ಮರಳುಗಾಡು ಬರೆದರು. ಅದೂ ನಿಲ್ಲಲಿಲ್ಲ. ಸಿದ್ರಾಮಪ್ಪ ಅದರ ಮುಂದೆ ಬಹಳ ಹೊತ್ತು ಕೂತಿದ್ದು, "ಏನೂ ಆಗಲಿಲ್ಲ ಅನ್ನಬೇಕಾದ್ರ, ಯಾರಿಗೆ ಆಗಲಿಲ್ಲೋ ಅವರರ ಅಲ್ಲಿರಬೇಕಲ್ಲ," ಎಂದ. ಅದು ಸರಿಯೆನಿಸಿ ಸುಲ್ತಾನನನ್ನು ಕುದುರೆಯ ಮೇಲೆ ಕೂರಿಸಿದರು. ಆದರೆ ಅವರ ಬಳಿಯಿದ್ದ ಸುಲ್ತಾನರೆಲ್ಲ ಒಂದೋ ಕತ್ತಿ ಎತ್ತಿದವರು, ಇಲ್ಲವೇ ಬೆರಗಾಗಿ ಬಾಯಿಗೆ ಬೆರಳಿಟ್ಟವರು. ಕತ್ತಿ ತೆಗೆದರೆ ಕೈ ಮೇಲೆಯೇ ಉಳಿದು, ಯಾರನ್ನೋ ಕರೆಯುವ ಹಾಗೆ ಕಾಣುತ್ತಿತ್ತು. ಸುಮ್ಮನಿರುವ ಮನುಷ್ಯನ ಅಚ್ಚುಹಾಳೆ ಅಷ್ಟು ದೊಡ್ಡ ಶಾಲೆಯಲ್ಲಿ ಒಂದೂ ಇರಲಿಲ್ಲ.

ಚಳಿಗಾಲ ಕಳೆಯುತ್ತ ಬಂತು. ಊರು ಹೊಂದಿಕೊಂಡಿತು. ಬಣ್ಣಗಾರ ಓಣಿಯವರು ನೀಲಿಯ ಬಾನಿಯಲ್ಲಿ ಬಿಳಿ ನೂಲು ಅದ್ದಿ ಬಿಳಿ ನೂಲನ್ನೇ ಹಿಂಡಿ ಒಣಹಾಕುತ್ತಿದ್ದರು. ಕೊಳ್ಳುವವರು ನೀಲಿಯೆಂದೇ ಕೊಳ್ಳುತ್ತಿದ್ದರು. ಬಣ್ಣ ಬಿಡುವುದಿಲ್ಲ ತಾನೇ ಎಂದು ಕೇಳುತ್ತಿದ್ದರು. ನವಿಲುಗಳು ಗೋಡೆಯ ಮರೆ ಹಿಡಿದವು. ರೊಟ್ಟಿ ಮಾರುವ ಮುದುಕಿಯೊಬ್ಬಳಿಗೆ ನೀಲಿ ಕಣ್ಣಿದ್ದವು. ಅವಳ ಜೊತೆ ಮಾತಾಡುವವರು ಅವಳಿಗೆ ಮುಜುಗರವಾಗದಿರಲೆಂದು ಅವಳ ಕೈಯನ್ನೇ ನೋಡಿ ಮಾತಾಡುತ್ತಿದ್ದರು. ನಮ್ಮ ಪಕ್ಕದ ಮನೆಯಲ್ಲಿ ಹುಟ್ಟಿದ ಕೂಸನ್ನು ಅಂಗಳಕ್ಕೆ ತಂದು ಅದರ ಅಜ್ಜಿ, ನೀಲಿ ಅಂದರೆ ಬಿಸಿಲಲ್ಲಿ ಬಂದು ಮಡಕೆಯ ನೀರು ಕುಡಿದ ಹಾಗೆ ಇರುತ್ತದೆ ಎಂದು ವಿವರಿಸುತ್ತಿದ್ದಳು. ಕೂಸು ಕೇಳಿಸಿಕೊಳ್ಳುತ್ತಿತ್ತು.

ಮಾಸ್ತರರನ್ನು ಯಾರೂ ಏನೂ ಅನ್ನಲಿಲ್ಲ. ಅವರು ಬಣ್ಣಗಾರ ಓಣಿಯಲ್ಲಿ ಹಾದು ಹೋಗಬೇಕಾಗಿತ್ತು. ಅಲ್ಲಿನ ಹೆಂಗಸರು ಒಣಹಾಕಿದ ಬಿಳಿ ಬಟ್ಟೆಯನ್ನು ಎತ್ತಿ ತೋರಿಸಿ, "ಈ ಸಲ ನೀಲಿ ಛಲೋ ಹತ್ತ್ಯಾದ ನೋಡ್ರಿ, ಮಾಸ್ತರ," ಎನ್ನುತ್ತಿದ್ದರು. ಅವರು ನಿಂತು, ಬಟ್ಟೆಯ ಅಂಚು ಮುಟ್ಟಿ, ಹೌದು, ಛಲೋ ಹತ್ತಿದೆ ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ದಿನದಿನಕ್ಕೆ ಅವರ ಬೆನ್ನು ಬಾಗುತ್ತಿತ್ತು. ಬೈದಿದ್ದರೆ ಅವರಿಗೆ ಸುಲಭವಾಗುತ್ತಿತ್ತು ಎಂದು ನನಗೆ ಈಗ ಅನಿಸುತ್ತದೆ.

ಹೋಳಿಗೆ ಒಂದು ವಾರವಿರುವಾಗ ಅವರು ಯಾರೂ ಹೇಳದೆಯೇ ತಮ್ಮ ಲೇಖಣಿಗಳನ್ನು ತೊಳೆದು, ಒರೆಸಿ, ದಾರೋಗಾ ಸಾಹೇಬರ ಮೇಜಿನ ಮೇಲಿಟ್ಟು ಅಂಗಳಕ್ಕೆ ಹೋದರು. ಲೇಖಣಿ ಬಿಟ್ಟವರಿಗೆ ಅಲ್ಲಿ ಕಾಗದಕ್ಕೆ ಗಂಜಿ ಸವರುವ, ಮುಗಿದ ಪುಟ ಉಜ್ಜುವ ಕೆಲಸವಿರುತ್ತಿತ್ತು. ನಾನು ನೀರು ಕೊಡುವ ನೆಪದಲ್ಲಿ ಹೋದೆ. ಮೊಳಕೈವರೆಗೆ ಗಂಜಿ ಮಾಡಿಕೊಂಡು ಕೂತಿದ್ದರು. ಇನ್ನೂ ವಾರವಿದೆಯಲ್ಲ ಮಾಸ್ತರ ಎಂದೆ.

"ವಾರದಾಗ ಏನಾಗತದ ಮಗಳ," ಎಂದರು. "ಐವತ್ತು ವರ್ಷ ಮಂದಿ ಬರದದ್ದನ್ನ ನೋಡಿ ಬರದೆ. ಒಂದಕ್ಷರ ನಂದಂತ ಸೇರಿಸಲಿಲ್ಲ. ಈಗ ನಂದಂತ ಒಂದು ಆಗ್ಯಾದ, ಅದೊಂದು ತೂತು."

ಅವರು ಹಾಗೆ ಹೇಳಿ ನಗಲು ನೋಡಿದರು. ನಾನು ನೀರಿನ ತಂಬಿಗೆ ಅಲ್ಲಿಯೇ ಇಟ್ಟು ಒಳಗೆ ಬಂದೆ.

ಪಡಸಾಲೆಯಲ್ಲಿ ಮಾಸ್ತರರ ಜಾಗ ಖಾಲಿಯಾಗಿತ್ತು. ಕಿಟಕಿಯ ಬೆಳಕು ಪೂರ್ತಿಯಾಗಿ ಹಲೀಮಾಬಿಯ ಹಲಗೆಯ ಮೇಲೆ ಬೀಳುತ್ತಿತ್ತು. ಅವಳು ಎರಡು ಸಲ ತಾನೇ ಸರಿದು ಕೂತಳು, ಬೆಳಕು ಹೆಚ್ಚಾಯಿತೆಂದಳು. ಮುಂಜಾನೆಯಿಂದ ಒಂದು ಹುಬ್ಬನ್ನೂ ಬರೆದಿರಲಿಲ್ಲ.

"ತಂಗಿ, ಆ ಸಾಲು ಇನ್ನೊಮ್ಮೆ ಓದು," ಎಂದಳು.

ಓದಿದೆ. ಆ ದಿನ ದಾರಿಯಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ.

"ಸುಲ್ತಾನನ ಕೂಡ ಆ ಮುದುಕ ಇದ್ದನೇನು ಅವತ್ತು?"

ಇರಬೇಕು, ಹಿಂದಿನ ಪುಟದಲ್ಲೂ ಇದ್ದಾನೆ, ಮುಂದಿನ ಪುಟದಲ್ಲೂ ಇದ್ದಾನೆ ಎಂದೆ.

"ಇಬ್ಬರೂ ಮಾತಾಡ್ಯಾರೇನು?"

"ಮಾತಾಡಿದ್ದು ಬರದಿಲ್ಲ, ಹಲೀಮಕ್ಕ."

"ದಿನಾ ಕೂಡಿ ಹೋಗ್ತಾರ, ಕೂಡಿ ಕೂಡ್ತಾರ, ಮಾತಿಲ್ಲ," ಎಂದಳು ಅವಳು ನಿಧಾನವಾಗಿ. "ಇದಕ್ಕ ಅಚ್ಚುಹಾಳಿ ಯಾಕ ಬೇಕು? ಇದು ನನಗ ಗೊತ್ತದ. ಆ ಪುಟ ಇಲ್ಲಿ ತಾ."

ಮುಖ ಬರೆಯುವವರು ಗೆರೆ ಎಳೆಯುವಂತಿಲ್ಲ. ಗೆರೆ ಎಳೆಯುವವರು ಕೂತಲ್ಲಿಂದ ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು, ಆಮೇಲೆ ತಮ್ಮ ತಮ್ಮ ಕೆಲಸ ಬಹಳವಿರುವವರಂತೆ ತಲೆ ಬಗ್ಗಿಸಿದರು. ಸಿದ್ರಾಮಪ್ಪ ಕೇಳುವ ಮೊದಲೇ ಬಣ್ಣದ ಚಿಪ್ಪುಗಳನ್ನು ಒಂದೊಂದಾಗಿ ಅವಳ ಕೈಗೆ ಎಟುಕುವ ಹಾಗೆ ಇಟ್ಟ. ದಾರೋಗಾ ಸಾಹೇಬರು ಒಮ್ಮೆ ಬಾಗಿಲಿಗೆ ಬಂದವರು ಅಂಗಳದಲ್ಲಿ ಏನೋ ಮರೆತವರಂತೆ ತಿರುಗಿ ಹೋದರು.

ಅವಳು ಮೂರು ದಿನ ಬರೆದಳು. ದಾರಿಬದಿಯ ಒಂದು ಬಾವಿ. ಬಾವಿಕಟ್ಟೆಯ ಒಂದು ಮಗ್ಗುಲಿಗೆ ಸುಲ್ತಾನ, ಇನ್ನೊಂದು ಮಗ್ಗುಲಿಗೆ ದಾರಿ ತೋರಿಸುವ ಮುದುಕ. ಇವನು ಇತ್ತ ನೋಡುತ್ತಿದ್ದಾನೆ, ಅವನು ಅತ್ತ. ಹಗ್ಗ ಕಟ್ಟೆಯ ಮೇಲಿದೆ. ಇಬ್ಬರೂ ಅದನ್ನು ಮುಟ್ಟಿಲ್ಲ. ಕುದುರೆಗಳು ಮಾತ್ರ ಒಂದರ ಕುತ್ತಿಗೆಗೆ ಒಂದು ಗದ್ದ ಊರಿ ನಿಂತಿವೆ. ಇಷ್ಟೇ. ಕಡೆಯ ದಿನ ಅವಳು ಮುಖಗಳಿಗೆ ಕುಂಚ ಹಚ್ಚಿದಾಗ ನಾನು ಪಕ್ಕದಲ್ಲಿಯೇ ಇದ್ದೆ. ಹುಣ್ಣಿಮೆಯ ಮುಖ ಬರಲಿಲ್ಲ. ಸುಲ್ತಾನನ ಕೆನ್ನೆ ಜೋತಿತು, ತುಟಿಯ ಕೊನೆ ಹಟದಿಂದ ಕೆಳಗಿಳಿಯಿತು, ಮೂಗಿನ ಬದಿಯಲ್ಲಿ ಹಲೀಮಾಬಿಗೆ ಇರುವಂಥದೇ ಒಂದು ನರೂಲಿ ಬಂತು. ಮುದುಕನಿಗೆ ದೊಡ್ಡ ಕಿವಿ, ಕಿವಿಯ ಮೇಲೆ ಸಿಕ್ಕಿಸಿದ ಲೇಖಣಿ. ದಾರಿ ತೋರಿಸುವವನಿಗೆ ಲೇಖಣಿ ಏತಕ್ಕೆ ಎಂದು ಯಾರೂ ಕೇಳಲಿಲ್ಲ.

ಹೊಳಪು ಕೊಡುವುದು ಅಂಗಳದವರ ಕೆಲಸ, ಮತ್ತು ಈಗ ಅಂಗಳದಲ್ಲಿ ಕಲ್ಲು ಹಿಡಿದವರು ತುರಾಬ ಮಾಸ್ತರರು. ಹಲೀಮಾಬಿ ಪುಟವನ್ನು ನನ್ನ ಕೈಗೆ ಕೊಟ್ಟು, "ಮೆಲ್ಲಕ ಉಜ್ಜು ಅಂತ ಹೇಳು. ಸಿಟ್ಟು ಇದ್ರ ನನ್ನ ಮ್ಯಾಲೆ ಇರಲಿ, ಹಾಳಿ ಮ್ಯಾಲೆ ಬ್ಯಾಡ," ಎಂದಳು. ನಾನು ಹೋಗಿ ಹೇಳಿದೆ. ಮಾಸ್ತರರು ಕೈ ತೊಳೆದು ಬಂದು ಪುಟವನ್ನು ಹಲಗೆಯ ಮೇಲಿಟ್ಟರು. ಬೋರಲು ಹಾಕಬೇಕಾದವರು ಹಾಕದೆ ನೋಡುತ್ತ ಕೂತರು. ಮೊದಲು ಕುದುರೆಗಳನ್ನು ನೋಡಿದರು, ಆಮೇಲೆ ಬಾವಿಯನ್ನು, ಬಹಳ ಹೊತ್ತಿನ ಮೇಲೆ ಮುದುಕನನ್ನು. ಕೈ ತಾನಾಗಿ ತಮ್ಮ ಕಿವಿಗೆ ಹೋಯಿತು. ಅಲ್ಲಿ ಈಗ ಲೇಖಣಿ ಇರಲಿಲ್ಲ. ಆಮೇಲೆ ಪುಟ ತಿರುಗಿಸಿ, ಕಲ್ಲು ತೆಗೆದುಕೊಂಡು ಉಜ್ಜತೊಡಗಿದರು.

ಬಣ್ಣ ಕಲಸಲಿಲ್ಲ. ಪುಟ ಹೊಳಪು ಹಿಡಿಯಿತು. ಸಾಕೆಂದು ನಾನು ಹೇಳಿದ ಮೇಲೂ ಅವರು ಉಜ್ಜುತ್ತಲೇ ಇದ್ದರು. ನಾನು ಅವರ ಮುಂಗೈಯಲ್ಲಿ ಮೊದಲು ಕಂಡೆ: ಉಬ್ಬಿದ ನರಗಳು ನೀಲಿಯಾಗಿದ್ದವು. ಬಳಿಕ ಗೋಡೆಯ ಮೇಲೆ ಕೂತ ಪಾರಿವಾಳದ ಕುತ್ತಿಗೆ. ಬಣ್ಣಗಾರ ಓಣಿಯ ಕಡೆಯಿಂದ ಒಬ್ಬಳು ಮತ್ತೊಬ್ಬಳನ್ನು ಕರೆದದ್ದು ಕೇಳಿಸಿತು, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದ್ದು. ಹಗ್ಗದ ಮೇಲಿದ್ದ ನೂಲಿನ ಲಡಿಗಳಲ್ಲಿ ಕೆಲವು ನೀಲಿಯಾಗಿ, ಕೆಲವು ಬಿಳಿಯಾಗಿಯೇ ಉಳಿದು, ನೀಲಿಯೆಂದು ಬಿಳಿ ಕೊಂಡಿದ್ದವರ ಜಗಳ ಯುಗಾದಿಯವರೆಗೆ ನಡೆಯಿತು. ಆಕಾಶ ಎಲ್ಲಕ್ಕಿಂತ ತಡವಾಗಿ ಬಂತು. ಮೊದಲಿಗಿಂತ ಸ್ವಲ್ಪ ಹೆಚ್ಚೇ ಆಯಿತು ಎಂದು ಕೆಲವರಿಗೆ ಅನಿಸಿತು. ಪಕ್ಕದ ಮನೆಯ ಕೂಸು ಮೇಲೆ ನೋಡಿ, ಇದೇನೂ ಹೊಸದಲ್ಲವೆನ್ನುವ ಹಾಗೆ ನಿದ್ದೆ ಹೋಯಿತಂತೆ.

ಮರುದಿನ ದಾರೋಗಾ ಸಾಹೇಬರು ಮಾಸ್ತರರನ್ನು ಒಳಗೆ ಕರೆಸಿದರು. ಮೂಲ ಪ್ರತಿಯಲ್ಲೇ ಅಲ್ಲಿ ಒಂದು ಚಿತ್ರವಿತ್ತು, ಅದನ್ನು ಹುಳ ತಿಂದಿತ್ತು, ಮಾಸ್ತರರಂಥ ಅನುಭವಸ್ಥರಿಗೆ ಮಾತ್ರ ಅದು ಗೊತ್ತಾಯಿತು ಎಂದು ಅವರು ಎಲ್ಲರ ಎದುರಿಗೆ ಹೇಳಿದರು. ಹೇಳುವಾಗ ನಗಲಿಲ್ಲ. ಲೇಖಣಿಗಳನ್ನು ಎರಡೂ ಕೈಯಿಂದ ಎತ್ತಿ ಕೊಟ್ಟರು. ಪುಸ್ತಕದಲ್ಲಿ ಇನ್ನು ಕಡೆಯ ಪುಟದ ಕಡೆಯ ಸಾಲು ಮಾತ್ರ ಬಾಕಿಯಿತ್ತು. ಒಯ್ಯುವವರು ಆಗಲೇ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು.

ಮಾಸ್ತರರು ತಮ್ಮ ಜಾಗದಲ್ಲಿ ಕೂತರು. 'ಕಂಬದ' ನೆರಳು ಹಲೀಮಾಬಿಯ ಹಲಗೆಯ ಮೇಲೆ ಬಿತ್ತು. ಅವಳು ಆ ನೆರಳಿನಲ್ಲೇ ಕುಂಚ ಎತ್ತಿಕೊಂಡಳು. ಅವರು ಲೇಖಣಿಯ ತುದಿ ಕತ್ತರಿಸಿ, ಮಸಿ ಅದ್ದಿ, ಬರೆದರು. ಬರೆದು ಆರಲು ಬಿಟ್ಟು ಕೈ ಒರೆಸಿಕೊಂಡರು. ಇಷ್ಟೆಲ್ಲ ಆದ ಮೇಲೂ ರೂಢಿ ರೂಢಿಯೇ. ಬಡವ ತುರಾಬನ ಕೈಯಿಂದ ಎಂದು ಇದ್ದೇ ಇರುತ್ತದೆ, ಅದನ್ನು ನಾನೇ ಓದಿ ಹೇಳಬೇಕಾಗುತ್ತದೆ.

"ಏನು ಬರದಾರ ಓದು, ತಂಗಿ," ಎಂದಳು ಹಲೀಮಾಬಿ.

ಪುಟ ತೆಗೆದುಕೊಂಡು ಓದಿದೆ. ನಿದ್ದೆ ಕಳೆದುಕೊಂಡ ಸುಲ್ತಾನನ ಕಥೆ ಇಲ್ಲಿಗೆ ಮುಗಿಯಿತು. ಓದಿದವರಿಗೂ ನೋಡಿದವರಿಗೂ ಒಳ್ಳೆಯದಾಗಲಿ.

"ಹೆಸರು?"

ಪುಟವನ್ನು ಬೆಳಕಿಗೆ ಹಿಡಿದು, ತಿರುಗಿಸಿಯೂ ನೋಡಿದೆ.

"ಯಾರದೂ ಇಲ್ಲ, ಹಲೀಮಕ್ಕ."

ಮಾಸ್ತರರು ಮಸಿಕುಡಿಕೆಗೆ ಮುಚ್ಚಳ ಹಾಕುತ್ತಿದ್ದರು. ಮುಚ್ಚಳ ಸರಿಯಾಗಿ ಕೂಡುತ್ತಿರಲಿಲ್ಲ. ದಾರೋಗಾ ಸಾಹೇಬರು ಪುಟವನ್ನು ಇಸಿದುಕೊಂಡು ನೋಡಿ, ಕೊಳ್ಳುವವರು ಇಷ್ಟು ದೂರ ಓದುವುದಿಲ್ಲ ಬಿಡಿ ಎಂದು ಹೊಲಿಯಲು ಕಳಿಸಿದರು. ಹೊತ್ತು ನೆತ್ತಿಗೆ ಬಂದಿತ್ತು. ಒಬ್ಬೊಬ್ಬರೇ ಎದ್ದು ಕೈ ತೊಳೆಯಲು ಹೋದರು.

ಹಲೀಮಾಬಿ ಕುಂಚಗಳನ್ನು ಒರೆಸಿಟ್ಟು ತನ್ನ ಬುತ್ತಿಯ ಗಂಟು ಬಿಚ್ಚಿದಳು. ಮೆತ್ತನೆಯ ಜೋಳದ ರೊಟ್ಟಿ, ಹಚ್ಚಗೆ ಹೊಳೆಯುವ ಪುಂಡಿಪಲ್ಯ, ಒಂದು ಹಿಡಿ ಶೇಂಗಾಚಟ್ನಿ. ರೊಟ್ಟಿಗಳಲ್ಲಿ ಅರ್ಧ ಎತ್ತಿ, ಮೇಲೆ ಪಲ್ಯ ಹಾಕಿ, ಚಟ್ನಿಯನ್ನು ಅಂಚಿಗೆ ಇಟ್ಟಳು. ಅವರಿಬ್ಬರ ನಡುವೆ ಏನು ಹೋದರೂ ನನ್ನ ಕೈಯಿಂದಲೇ ಹೋಗುತ್ತಿದ್ದುದರಿಂದ ನಾನು ಕೈ ಚಾಚಿದೆ. ಅವಳು ನನ್ನ ಕೈಯನ್ನು ದಾಟಿ ಮುಂದಕ್ಕೆ ಬಾಗಿ, ರೊಟ್ಟಿಯನ್ನು ಮಾಸ್ತರರ ಕೈಗೇ ಕೊಟ್ಟಳು.